ಆಯಿಯ ಡಬ್ಬಿಯಲ್ಲಿ ಮೂರು ಗಂಟು

ಹಾಲಿನಪುಡಿಯ ಹಳೇ ಡಬ್ಬಿ. ಒಳಗೆ ಸೀರೆಯ ತುಂಡಿನಲ್ಲಿ ಕಟ್ಟಿದ ಮೂರು ಗಂಟು. ಕಂದು ಗಟ್ಟಿಯಲ್ಲಿ ಬಿಳಿ ಚುಕ್ಕೆ ಕಾಣುವ ಲೋಬಾನ, ಕೈಗಂಟುವ ಗುಗ್ಗುಳ, ಗಾಜಿನ ಚೂರಿನಂಥ ರಾಳ.

ಗೊಳಸಂಗಿಯ ಈ ಆಯಿ ಬಾಣಂತಿ, ಕೂಸಿಗೆ ನೀರೆರೆಯುತ್ತ ಮುಪ್ಪಾದವರು. ಎರೆದ ಮೇಲೆ ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಡಬೇಕು, ಕುಳ್ಳಿನ ಕೆಂಡದ ಮೇಲೆ ಲೋಬಾನದ ಪುಡಿ ಉದುರಿಸಬೇಕು, ಬಾಣಂತಿಯ ಹಸಿಗೂದಲು ಆ ಹೊಗೆಗೆ ಆರಬೇಕು. ಎಷ್ಟು ಹಾಕಬೇಕು ಎಂದೆ. ಎರಡು ಬೆರಳು ಕೂಡಿಸಿ ತೋರಿಸಿದರು.

“ಹೊಗಿ ಎಬ್ಬಸೂದಲ್ಲ ತಂಗಿ, ವಾಸನಿ ಎಬ್ಬಸೂದು. ಕಣ್ಣಾಗ ನೀರು ಬಂತಂದ್ರ ಹೆಚ್ಚಾತು ಅಂತ ತಿಳಿ.”

ಹಸುಗೂಸಿಗೆ ಯಾವ ಹೊಗೆಯೂ ಬೇಡ ಎನ್ನುತ್ತಾರೆ ಈಗಿನ ವೈದ್ಯರು. ಆ ಮಾತು ನನಗೂ ಒಪ್ಪಿಗೆ. ಆದರೆ ಆಸ್ಪತ್ರೆಯಲ್ಲಿ ಗಾಯದ ಪಟ್ಟಿಯಂಚಿಗೆ ಹಚ್ಚುವ, ನೆಗಡಿಗೆ ಬಿಸಿನೀರಿನ ಹಬೆಯಲ್ಲಿ ಸೇರಿಸುವ ಟಿಂಚರ್ ಬೆಂಜಾಯಿನ್ ಕೂಡ ಇದೇ ಲೋಬಾನದ್ದು. ಜೋಳ, ತೊಗರಿಯ ಈ ಎರಿ ನೆಲದಲ್ಲಿ ಅದರ ಮರವಿಲ್ಲ; ಅದು ದೂರದ ಸುಮಾತ್ರಾದ ಅಂಟು.

ರಾಳ, ಮೇಣ, ಎಣ್ಣೆ ಕಾಯಿಸಿ ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಅದರ ಮಾತು ಅಷ್ಟಕ್ಕೇ ಮುಗಿಯಿತು.

ಗುಗ್ಗುಳದ ಕತೆ ಉದ್ದ. ನಮ್ಮ ಕಡೆ ಗುಗ್ಗಳವೆಂದರೆ ಔಷಧಕ್ಕಿಂತ ಮೊದಲು ವೀರಭದ್ರ ನೆನಪಾಗುತ್ತಾನೆ: ಉರಿಯುವ ಕೊಡ, ಸಮಾಳದ ಸದ್ದು, ಪುರವಂತರ ಒಡಪು. ಔಷಧದ ಗುಗ್ಗುಳ ರಾಜಸ್ಥಾನ, ಗುಜರಾತಿನ ಬರಡು ನೆಲದ ಮುಳ್ಳುಗಿಡದ್ದು. ಬಿಸಿನೀರಿಗೆ ಹಾಕಿದರೆ ಹಾಲಿನಂತಾದದ್ದೇ ಒಳ್ಳೆಯ ಮಾಲು ಎನ್ನುತ್ತಾರೆ ಆಯಿ. ಅದನ್ನು ಹಸಿಯಾಗಿ ತಿನ್ನಬಾರದು. ಬಟ್ಟೆಯಲ್ಲಿ ಕಟ್ಟಿ ಹಾಲಿನಲ್ಲಿ ತೂಗುಬಿಟ್ಟು ಕುದಿಸಬೇಕು. ಅವರು ಕೊಡುತ್ತಿದ್ದುದು ಮೊಣಕಾಲು ನೋವಿಗೆ.

ಸುಶ್ರುತ ಸಂಹಿತೆ ಬೊಜ್ಜಿನ ಬಗ್ಗೆ ಹೇಳಿದ್ದರ ಜಾಡು ಹಿಡಿದ ಡಾ. ಜಿ.ವಿ. ಸತ್ಯವತಿ, ಗುಗ್ಗುಳ ಮೊಲಗಳ ರಕ್ತದ ಕೊಬ್ಬು ಇಳಿಸುತ್ತದೆಂದು 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪ್ರಬಂಧದಲ್ಲಿ ತೋರಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕಿಯಾದರು. 2003ರಲ್ಲಿ ಅಮೆರಿಕದಲ್ಲಿ 103 ಜನರನ್ನು ಪರೀಕ್ಷಿಸಿದಾಗ ಮಾತ್ರ ಕೆಟ್ಟ ಕೊಲೆಸ್ಟರಾಲ್ ಇಳಿಯಲಿಲ್ಲ, ತುಸು ಏರಿತು. ಅಷ್ಟರಲ್ಲಿ ಅಂಟಿನಾಸೆಗೆ ಕಚ್ಚು ಹಾಕಿಸಿಕೊಂಡು ಒಣಗಿದ ಗಿಡಗಳೆಷ್ಟೋ; ಈಗ ಗುಗ್ಗುಳ ಅಳಿವಿನಂಚಿನ ಪಟ್ಟಿಯಲ್ಲಿದೆ.

ಇದನ್ನೆಲ್ಲ ಹೇಳಿದೆ. ಆಯಿಯ ಚಿಂತೆಯೇ ಬೇರೆ. ಲೋಬಾನ ಪೇಟೆಯಲ್ಲಿ ಇಂದಿಗೂ ಸಿಗುತ್ತದೆ, ಕೆಂಡ ಸಿಗುವುದಿಲ್ಲ.

“ಗ್ಯಾಸಿನ ಒಲಿ ಕೆಂಡ ಎಲ್ಲಿ ಕೊಡತೈತಿ?”

ನನಗೆ ತೋರಿಸಲೆಂದೇ ಹಂಚಿನ ಚೂರು ಹಿಡಿದು ಎರಡು ಓಣಿ ಆಚೆ ಹೋದರು. ಅಲ್ಲೊಂದು ಮನೆಯಲ್ಲಿ ಇನ್ನೂ ಕುಳ್ಳಿನ ಮೇಲೆ ರೊಟ್ಟಿ ಬೇಯುತ್ತದೆ. ತಿರುಗಿ ಬರುವಷ್ಟರಲ್ಲಿ ಕೆಂಡಕ್ಕೆ ಬೂದಿ ಕವಿದಿತ್ತು. ಆಯಿ ಹೊಸ್ತಿಲ ಮೇಲೆ ಕುಳಿತು ಊದತೊಡಗಿದರು.