ಚುಚ್ಚುಮದ್ದಿನ ಕಾಲದಲ್ಲಿ ತಾಯಂದಿರು ಕೇಳಿದ ಪ್ರಶ್ನೆಗಳು

ಕೋವಿಡ್ ಎಂಬ ಸಾಂಕ್ರಾಮಿಕ ಜಾಡ್ಯಕ್ಕೆ ನಮ್ಮ ದೇಶದಲ್ಲಿ ಚುಚ್ಚುಮದ್ದು ಹಾಕಲಾರಂಭಿಸಿದ್ದು 2021ನೆಯ ಇಸವಿ ಜನವರಿ 16ರಂದು. ಅಲ್ಲಿಂದ ಹದಿನೆಂಟು ತಿಂಗಳಲ್ಲಿ, ಅಂದರೆ 2022ರ ಜುಲೈ 17ರ ಹೊತ್ತಿಗೆ, ಇನ್ನೂರು ಕೋಟಿ ಡೋಸುಗಳು ಪೂರೈಸಿದವು. ಈ ಲೆಕ್ಕವನ್ನು ಸರಕಾರದವರು ಬರೆದಿಟ್ಟಿರುತ್ತಾರೆ. ಆದರೆ ಆ ದಿನಗಳಲ್ಲಿ ಜನರು ಯಾತಕ್ಕೆ ಅಂಜಿದರು, ಯಾವ ಮಾತಿನಿಂದ ಧೈರ್ಯಗೊಂಡರು ಎಂಬುದು ಲೆಕ್ಕದ ಪುಸ್ತಕದಲ್ಲಿ ಸಿಕ್ಕುವ ಸಂಗತಿಯಲ್ಲ. ನಮ್ಮ ಪಾಠಶಾಲೆಯ ಬಾಗಿಲಿಗೆ ಬಂದ ತಾಯಿತಂದೆಗಳಿಂದ ನಾವು ಕೇಳಿದ್ದನ್ನೂ ಅದರ ಹಿಂದಿದ್ದ ವಿಷಯವನ್ನೂ ಈ ಸಂಚಿಕೆಯಲ್ಲಿ ವಿವರಿಸುವುದು ಉಚಿತವೆಂದು ತೋರಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು. ಆಸ್ಪತ್ರೆಗಳಲ್ಲಿ ದಾದಿಯರಾಗಿ ಆ ಸೂಜಿಯನ್ನು ತಮ್ಮ ಕೈಯಲ್ಲೇ ಹಿಡಿದವರೂ ಉಂಟು.

ಹೊಸ ಮದ್ದೆಂದರೆ ಜನರು ಹಿಂಜರಿಯುವುದು ಹೊಸತಲ್ಲ. ಸಿಡುಬಿಗೆ ದಾಕು ಹಾಕುವ ಪದ್ಧತಿಯು 1802ರಲ್ಲಿ ಮುಂಬಯಿಗೆ ಬಂದಾಗಲೂ ಹೀಗೆಯೇ ಆಯಿತು. 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಗಾರನು ಬರೆದನೆನ್ನಲಾದ ಮೈಸೂರು ರಾಣಿವಾಸದ ಮೂವರು ಸ್ತ್ರೀಯರ ಚಿತ್ರವೊಂದು ಇದೆ. ಅದರಲ್ಲಿ ಕಿರಿಯ ರಾಣಿಯು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ಕಾಣಿಸುವುದಕ್ಕಾಗಿಯೇ ಎಂದು ಚರಿತ್ರಕಾರರೊಬ್ಬರು ಅಭಿಪ್ರಾಯಪಟ್ಟಿದ್ದಾರೆ. ಅದು ನಿಜವಾದ ಪಕ್ಷದಲ್ಲಿ, ಅರಮನೆಯವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರೆಂದೇ ಹೇಳಬೇಕು. ಸಿಡುಬು ಲೋಕದಿಂದ ತೊಲಗಿತೆಂದು 1980ರಲ್ಲಿ ಸಾರಲ್ಪಟ್ಟಿತು. ನಮ್ಮ ಅಜ್ಜಿಯರ ತೋಳಿನ ಮೇಲಿನ ಕಲೆಗಳು ಮಾತ್ರ ಉಳಿದವು.

ಈಗಿನ ಮದ್ದುಗಳ ವಿಷಯವಾಗಿ ಎರಡು ಮಾತು. ನಮ್ಮ ದೇಶದಲ್ಲಿ ಹೆಚ್ಚಾಗಿ ಹಾಕಲ್ಪಟ್ಟವು ಪುಣೆಯಲ್ಲಿ ತಯಾರಾದ ಕೋವಿಷೀಲ್ಡ್ ಮತ್ತು ಹೈದರಾಬಾದಿನ ಕೋವ್ಯಾಕ್ಸಿನ್. ಕೋವ್ಯಾಕ್ಸಿನ್ನಿನಲ್ಲಿ ಕೋವಿಡ್ ವೈರಾಣುವನ್ನೇ ಬೆಳೆಸಿ, ಕೊಂದು, ಆ ಸತ್ತ ವೈರಾಣುವನ್ನು ದೇಹಕ್ಕೆ ಪರಿಚಯ ಮಾಡಿಸುತ್ತಾರೆ. ಕೋವಿಷೀಲ್ಡಿನಲ್ಲಾದರೋ, ಚಿಂಪಾಂಜಿಗಳಿಗೆ ನೆಗಡಿ ತರುವ ಒಂದು ವೈರಾಣುವನ್ನು ವೃದ್ಧಿಯಾಗದಂತೆ ಮಾಡಿ, ಕೋವಿಡ್ ವೈರಾಣುವಿನ ಮೈಮೇಲಿನ ಮುಳ್ಳಿನ ಗುರುತನ್ನು ಅದರ ಮೂಲಕ ಕಳುಹಿಸುತ್ತಾರೆ. ಎರಡನೆಯ ಸಲ ಏಕೆ ಚುಚ್ಚಬೇಕೆಂದು ಕೇಳಿದವರಿಗೆ ನಾವು ಶಾಲೆಯ ಮಾತನ್ನೇ ಹೇಳುತ್ತಿದ್ದೆವು: ಒಮ್ಮೆ ಓದಿದ ಪಾಠವು ಪರೀಕ್ಷೆಯ ವರೆಗೆ ನಿಲ್ಲಬೇಕಾದರೆ ಪುನರಾವರ್ತನೆ ಬೇಕಷ್ಟೆ. ಹಾಕಿಸಿಕೊಂಡವರಿಗೂ ಜ್ವರ ಬಂದದ್ದುಂಟು. ಆದರೆ ಪಾಠ ಕಲಿತ ದೇಹವು ರೋಗವನ್ನು ಬೇಗ ಗುರುತು ಹಿಡಿಯುವುದರಿಂದ ಪ್ರಾಣಾಪಾಯದ ವರೆಗೆ ಹೋಗುವವರ ಸಂಖ್ಯೆ ಬಹಳ ತಗ್ಗಿತು.

ಮೊದಲ ತಿಂಗಳುಗಳಲ್ಲಿ ಹಿಂಜರಿದವರನ್ನು ಪತ್ರಿಕೆಗಳಲ್ಲಿ ಅಜ್ಞಾನಿಗಳೆಂದು ಬರೆದದ್ದುಂಟು. ಇದು ನಮಗೆ ಒಪ್ಪಿಗೆಯಾಗಲಿಲ್ಲ. ಮೊದಲು ಹಿಂಜರಿದವರಲ್ಲಿ ವೈದ್ಯರೂ ದಾದಿಯರೂ ಇದ್ದರು. ಯಾತಕ್ಕೆಂದರೆ ಕೋವ್ಯಾಕ್ಸಿನ್ನಿಗೆ 2021ರ ಜನವರಿ 3ರಂದು ಅನುಮತಿ ದೊರೆತಾಗ ಅದರ ಮೂರನೆಯ ಹಂತದ ಪರೀಕ್ಷೆಯ ಫಲ ಇನ್ನೂ ಹೊರಬಿದ್ದಿರಲಿಲ್ಲ. ಫಲವು ತರುವಾಯ ಚೆನ್ನಾಗಿಯೇ ಬಂತು. ಆದರೂ ಜನವರಿಯಲ್ಲಿ ಪ್ರಶ್ನಿಸಿದವರ ಪ್ರಶ್ನೆ ನ್ಯಾಯವಾದದ್ದೇ. ಇನ್ನು ನಮ್ಮ ಬೀದಿಯಲ್ಲಿ ನಾಲ್ಕು ಮನೆ ಪಾತ್ರೆ ತಿಕ್ಕುವ ಹೆಂಗಸು ಹೇಳಿದ್ದು ಬೇರೆಯೇ ಕಾರಣ: “ಸೂಜಿಗೆ ಹೆದರಲ್ಲಮ್ಮ. ಎರಡು ದಿನ ಜ್ವರ ಬಂದು ಮಲಗಿದ್ರೆ ಕೂಲಿ ಯಾರು ಕೊಡ್ತಾರೆ?” ಈಕೆಗೆ ವೈರಾಣುವಿನ ಪಾಠದಿಂದ ಏನು ಪ್ರಯೋಜನ? ಆಕೆಯ ಮನೆಯೊಡತಿಯರಿಗೆ ಹೇಳಿ ಎರಡು ದಿನದ ರಜೆ ಕೊಡಿಸಿದ ಮೇಲೆ ಆಕೆ ಹೋಗಿ ಹಾಕಿಸಿಕೊಂಡಳು.

ಏಪ್ರಿಲ್ ತಿಂಗಳಲ್ಲಿ ಎರಡನೆಯ ಅಲೆಯು ಬಂದುದೇ ಅಭಿಪ್ರಾಯವು ರಾತ್ರೋರಾತ್ರಿ ತಿರುಗಿತು. ಬೇಡವೆಂದವರೇ ನಸುಕಿನಲ್ಲಿ ಸಾಲು ನಿಂತರು. ಆದರೆ ಮದ್ದು ಇರಲಿಲ್ಲ. ಮೇ 1ರಿಂದ ಹದಿನೆಂಟು ವರುಷ ತುಂಬಿದವರೆಲ್ಲರಿಗೂ ಎಂದು ಸಾರಿದರೂ, ನಮ್ಮ ರಾಜ್ಯದಲ್ಲಿ ಆ ವಯಸ್ಸಿನವರಿಗೆ ಹಾಕುವುದನ್ನು ಅದೇ ತಿಂಗಳ ಮಧ್ಯದಲ್ಲಿ ಕೊರತೆಯ ದೆಸೆಯಿಂದ ನಿಲ್ಲಿಸಬೇಕಾಯಿತು. ಅದೇ ವಾರದಲ್ಲಿ ಕೋವಿಷೀಲ್ಡಿನ ಎರಡು ಡೋಸುಗಳ ನಡುವಣ ಅಂತರವನ್ನು ಹನ್ನೆರಡರಿಂದ ಹದಿನಾರು ವಾರಗಳಿಗೆ ಏರಿಸಿದರು. ಅಂತರ ಹೆಚ್ಚಿದರೆ ಫಲ ಹೆಚ್ಚೆಂಬುದಕ್ಕೆ ಇಂಗ್ಲೆಂಡಿನ ಪರೀಕ್ಷೆಗಳಲ್ಲಿ ಆಧಾರವಿತ್ತು. ಆದರೆ ಕೊರತೆಯ ಸಮಯದಲ್ಲೇ ಹೇಳಿದ್ದರಿಂದ “ಇಲ್ಲದ್ದಕ್ಕೆ ಈ ನೆವ” ಎಂದು ಜನರು ಆಡಿಕೊಂಡರು.

ಸಾಲದುದಕ್ಕೆ, ಕೋವಿನ್ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸದೆ ಆ ವಯಸ್ಸಿನವರಿಗೆ ಮದ್ದಿಲ್ಲ. ಅದಕ್ಕೆ ಸ್ಮಾರ್ಟ್‌ಫೋನು ಬೇಕು, ಫೋನಿಗೆ ಬಂದ ಓಟಿಪಿಯನ್ನು ಕೂಡಲೆ ಒತ್ತಬೇಕು, ಮೊದಮೊದಲು ಅಲ್ಲಿನ ಬರಹವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಬಂದದ್ದು ಜೂನಿನಲ್ಲಿ. ಮನೆಗೊಂದೇ ಫೋನು, ಅದೂ ಗಂಡಸರ ಜೇಬಿನಲ್ಲಿ ಇರುವ ಮನೆಗಳ ಹೆಂಗಸರು ಏನು ಮಾಡಬೇಕು? ಆ ಬೇಸಿಗೆಯಲ್ಲಿ ದೇಶದಲ್ಲಿ ಹಾಕಿಸಿಕೊಂಡ ಸ್ತ್ರೀಯರ ಸಂಖ್ಯೆ ಪುರುಷರದಕ್ಕಿಂತ ಕಡಿಮೆಯಾಗಿದ್ದುದಕ್ಕೆ ಇದೂ ಒಂದು ಕಾರಣ. ನಮ್ಮ ಹತ್ತನೆಯ ತರಗತಿಯ ಬಾಲಿಕೆಯರು ಕೆಲವರು ಬೀದಿಯ ಅಜ್ಜಿಯರಿಗೂ ಚಿಕ್ಕಮ್ಮಂದಿರಿಗೂ ಕುಳಿತು ನೋಂದಾಯಿಸಿಕೊಟ್ಟರು. ಇಂಗ್ಲಿಷ್ ಪಾಠಕ್ಕೆ ಇಷ್ಟು ಒಳ್ಳೆಯ ಉಪಯೋಗವನ್ನು ನಾವು ಬೇರೆ ಕಂಡಿಲ್ಲ. ಜೂನ್ 21ರಿಂದ ಕೇಂದ್ರ ಸರಕಾರವೇ ಎಲ್ಲ ವಯಸ್ಕರಿಗೂ ಉಚಿತವಾಗಿ ಒದಗಿಸಲಾರಂಭಿಸಿ, ನೇರವಾಗಿ ಬಂದವರಿಗೂ ಹಾಕಿದ ಮೇಲೆ ಕಷ್ಟ ಬಹುಮಟ್ಟಿಗೆ ನೀಗಿತು. ಊರೂರಿನಲ್ಲಿ ಮನೆಮನೆಗೆ ಹೋಗಿ ಕರೆತಂದವರು ಆಶಾ ಕಾರ್ಯಕರ್ತೆಯರು. ಗದರಿಸುವ ಪ್ರಕಟಣೆಗಳಿಗಿಂತ ಅವರ ಪರಿಚಯದ ಮುಖವು ಹೆಚ್ಚು ಕೆಲಸ ಮಾಡಿತೆಂದು ನಮ್ಮ ಎಣಿಕೆ.

ಈಗ ಹೆಂಗಸರ ಪ್ರಶ್ನೆಗೆ ಬರುತ್ತೇವೆ. ಗಂಡಸರು ಓದುವರೆಂದು ನಾವು ಇದನ್ನು ಮರೆಮಾಚಿ ಬರೆಯಲಾರೆವು. ಮುಟ್ಟಿಗೆ ಐದು ದಿನ ಮುಂಚೆಯೂ ಐದು ದಿನ ತರುವಾಯವೂ ಹೆಣ್ಣುಮಕ್ಕಳು ಚುಚ್ಚುಮದ್ದು ಹಾಕಿಸಿಕೊಳ್ಳಕೂಡದೆಂಬ ಸಂದೇಶವು 2021ರ ಏಪ್ರಿಲಿನಲ್ಲಿ ಫೋನಿನಿಂದ ಫೋನಿಗೆ ಹರಿದಾಡಿತು. ಮುಟ್ಟಿನ ದಿನಗಳನ್ನೂ ಕೂಡಿಸಿದರೆ ತಿಂಗಳಲ್ಲಿ ಅರ್ಧ ಹೋಯಿತು. ಮದ್ದು ಸಿಕ್ಕುವುದೇ ದುರ್ಲಭವಾಗಿದ್ದ ಕಾಲದಲ್ಲಿ ಇದರಿಂದಾದ ಕೇಡು ಸಣ್ಣದಲ್ಲ. ಇದು ಸುಳ್ಳೆಂದು ಸರಕಾರವು ಏಪ್ರಿಲ್ 24ರಂದು ತಿಳಿಸಿತು, ಮತ್ತು ಅದು ಸುಳ್ಳೇ. ಆದರೆ ಹಾಕಿಸಿಕೊಂಡ ಸ್ತ್ರೀಯರಲ್ಲಿ ಕೆಲವರು ಬೇರೊಂದು ಸಂಗತಿಯನ್ನು ಕಂಡರು. ಆ ತಿಂಗಳು ಮುಟ್ಟು ತಡವಾಯಿತು, ಇಲ್ಲವೆ ಸ್ರಾವ ಹೆಚ್ಚಿತು. ಇದನ್ನು ನಲ್ಲಿಯ ಹತ್ತಿರ ಒಬ್ಬರಿಗೊಬ್ಬರು ಹೇಳಿಕೊಂಡರಲ್ಲದೆ ವೈದ್ಯರಿಗೆ ಹೇಳಲಿಲ್ಲ. ಹೇಳಿದ ಕೆಲವರಿಗೆ ಅದೆಲ್ಲ ಮನಸ್ಸಿನ ಭ್ರಮೆ ಎಂಬ ಉತ್ತರ ಸಿಕ್ಕಿತು.

ಭ್ರಮೆಯೆಂದು ಹೇಳುವುದಕ್ಕೆ ಆಧಾರವೇನಿತ್ತು? ಏನೂ ಇರಲಿಲ್ಲ. ಮದ್ದುಗಳನ್ನು ಪರೀಕ್ಷಿಸಿದಾಗ ಜ್ವರ ಬಂತೇ, ತೋಳು ನೊಂದಿತೇ, ತಲೆ ಸಿಡಿಯಿತೇ ಎಂದು ವಿಚಾರಿಸಿದವರು ಮುಟ್ಟಿನ ವಿಷಯವನ್ನು ಸಾಮಾನ್ಯವಾಗಿ ಕೇಳಿರಲೇ ಇಲ್ಲ. ಕೇಳದೆ ಹೋದ ಪ್ರಶ್ನೆಗೆ ಯಾರ ಬಳಿಯಲ್ಲೂ ಉತ್ತರವಿರಲಿಲ್ಲ. ಆ ಬರಿದಾದ ಜಾಗದಲ್ಲಿ ವದಂತಿಯು ಮನೆಮಾಡಿತು. 2022ರ ಜನವರಿಯಲ್ಲಿ ಅಮೆರಿಕದ ಸಂಶೋಧಕರು ಸುಮಾರು ನಾಲ್ಕು ಸಾವಿರ ಸ್ತ್ರೀಯರು ಬರೆದಿಟ್ಟುಕೊಂಡಿದ್ದ ತಿಂಗಳ ಲೆಕ್ಕವನ್ನು ಪರಿಶೀಲಿಸಿ, ಚುಚ್ಚುಮದ್ದಿನ ತರುವಾಯ ಮುಟ್ಟು ಸರಾಸರಿ ಒಂದು ದಿನಕ್ಕಿಂತಲೂ ಕಡಿಮೆ ತಡವಾಗುವುದೆಂದು ಪ್ರಕಟಿಸಿದರು. ಅದೇ ವರುಷ ಸೆಪ್ಟೆಂಬರಿನಲ್ಲಿ ಹಲವು ದೇಶಗಳ ಸುಮಾರು ಇಪ್ಪತ್ತು ಸಾವಿರ ಸ್ತ್ರೀಯರ ಲೆಕ್ಕವೂ ಅದನ್ನೇ ಹೇಳಿತು. ಒಂದೆರಡು ತಿಂಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಮಕ್ಕಳನ್ನು ಬಯಸಿ ಪ್ರಯತ್ನಿಸುತ್ತಿದ್ದ ದಂಪತಿಗಳನ್ನು ಪರಿಶೀಲಿಸಿದಲ್ಲಿ, ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಗರ್ಭ ನಿಲ್ಲುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂತೂ ನಲ್ಲಿಯ ಹತ್ತಿರದ ಹೆಂಗಸರು ಕಂಡದ್ದು ನಿಜ. ಅದರಿಂದ ಕೆಡುಕಿಲ್ಲವೆಂಬುದೂ ನಿಜ.

ಬಸುರಿಯರ ಪಾಡೂ ಇಂಥದೇ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಐದು ತಿಂಗಳ ಗರ್ಭಿಣಿಯಾಗಿ ಮೇ ತಿಂಗಳಲ್ಲಿ ಕೇಂದ್ರಕ್ಕೆ ಹೋದಾಗ ಹಿಂದಕ್ಕೆ ಕಳುಹಿಸಲ್ಪಟ್ಟಳು. ಗರ್ಭಿಣಿಯರಿಗೂ ಕೊಡಬಹುದೆಂದು ಜುಲೈ 2ರಂದು ಅಪ್ಪಣೆಯಾದ ಮೇಲೆ ಅದೇ ಕೇಂದ್ರದವರು ಕರೆಕಳುಹಿಸಿದರು. “ಮೇ ತಿಂಗಳಲ್ಲಿ ಬೇಡವಾದದ್ದು ಜುಲೈಯಲ್ಲಿ ಹೇಗೆ ಬೇಕಾಯಿತು, ಮೇಡಂ?” ಎಂದು ಅವಳು ಕೇಳಿದಳು. ಮದ್ದಿನ ಮೊದಲ ಪರೀಕ್ಷೆಗಳಲ್ಲಿ ಗರ್ಭಿಣಿಯರನ್ನು ಸೇರಿಸಿರಲಿಲ್ಲ; ಬೇರೆ ದೇಶಗಳಲ್ಲಿ ಹಾಕಿಸಿಕೊಂಡ ಗರ್ಭಿಣಿಯರ ವರದಿಗಳು ಬಂದ ಮೇಲೆ, ಮದ್ದಿಗಿಂತ ರೋಗವೇ ಅವರಿಗೆ ಹೆಚ್ಚಿನ ಅಪಾಯವೆಂದು ತಿಳಿಯಿತು. ಇಷ್ಟನ್ನು ಬಿಡಿಸಿ ಹೇಳಿದ ಮೇಲೆ ಅವಳು ಹಾಕಿಸಿಕೊಂಡಳು. ಇಷ್ಟು ಹೇಳುವುದಕ್ಕೆ ಐದು ನಿಮಿಷ ಹಿಡಿಯುತ್ತದೆ.

2022ರ ಜನವರಿ 3ರಿಂದ ಹದಿನೈದು ತುಂಬಿದ ಮಕ್ಕಳಿಗೆ ಕೋವ್ಯಾಕ್ಸಿನ್ ಹಾಕುವುದು ಮೊದಲಾಯಿತು, ಮತ್ತು ಪ್ರಶ್ನೆಗಳು ನಮ್ಮ ಕೋಣೆಗೇ ಬಂದವು. “ಮದುವೆಯಾದಮೇಲೆ ಮಕ್ಕಳಾಗದೆ ಹೋದ್ರೆ ನನ್ನ ಮಗಳನ್ನ ಯಾರು ಬಾಳಿಸ್ತಾರೆ?” ಎಂದು ಒಬ್ಬ ತಾಯಿ ಕಣ್ಣೀರಿಟ್ಟರು. ಆಕೆ ಅಂಜಿದ್ದು ಸೂಜಿಗಲ್ಲವೆಂದು ಈ ಮಾತಿನಿಂದ ತಿಳಿಯುತ್ತದೆ. ಹೆಣ್ಣಿನ ಬಾಳು ತೂಗುವ ತಕ್ಕಡಿ ಯಾವುದೆಂದು ಬಲ್ಲ ತಾಯಿಯ ಅಂಜಿಕೆಯದು. ಜೀವಶಾಸ್ತ್ರದ ಉಪಾಧ್ಯಾಯಿನಿಯವರೂ, ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೂ ಎರಡು ಸಾಯಂಕಾಲ ತಾಯಂದಿರೊಡನೆ ಕುಳಿತರು. ತಂದೆಯರನ್ನು ಆ ಹೊತ್ತು ಹೊರಗೆ ಕೂರಿಸಿದೆವು, ಅವರು ಮುನಿಯಲಿಲ್ಲ. ಬಹುಮಂದಿ ಒಪ್ಪಿ ರುಜು ಹಾಕಿದರು. ಒಪ್ಪದ ಕೆಲವರ ಮಕ್ಕಳು ಎಂದಿನಂತೆ ಅದೇ ಬೆಂಚಿನಲ್ಲಿ ಕುಳಿತು ಓದಿದರು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಚುಚ್ಚುಮದ್ದು ಸ್ವಇಚ್ಛೆಯದೆಂದು ಸರಕಾರ ಹೇಳುತ್ತಿದ್ದಾಗಲೇ, ಶಾಲೆಗೆ ಬರುವ ಮಕ್ಕಳ ತಾಯಿತಂದೆಗಳು ಎರಡು ಡೋಸು ಹಾಕಿಸಿಕೊಂಡಿರತಕ್ಕದ್ದೆಂದು 2021ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ನಿಯಮ ಹೊರಟಿತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ತಂದೆಯ ಹಟಕ್ಕೆ ಮಗಳ ಓದು ನಿಂತರೆ, ಬಡವರ ಮನೆಯ ಹುಡುಗಿ ಮರಳಿ ಶಾಲೆಯ ಮೆಟ್ಟಲು ಹತ್ತುವುದು ಕಷ್ಟ. ಯಾರನ್ನೂ ಬಲವಂತದಿಂದ ಚುಚ್ಚಕೂಡದೆಂದೂ, ಮದ್ದಿನ ಅನಂತರ ಕಂಡ ತೊಂದರೆಗಳ ವಿವರವು ಸಾರ್ವಜನಿಕರಿಗೆ ದೊರೆಯಬೇಕೆಂದೂ ಸುಪ್ರೀಂ ಕೋರ್ಟು 2022ರ ಮೇ 2ರಂದು ತೀರ್ಪಿತ್ತಿತು; ಸರಕಾರದ ಚುಚ್ಚುಮದ್ದಿನ ನೀತಿಯು ಅವಿವೇಕದ್ದಲ್ಲವೆಂದೂ ಅದೇ ತೀರ್ಪಿನಲ್ಲಿ ಹೇಳಿತು.

ತೊಂದರೆಗಳೇ ಇರಲಿಲ್ಲವೆಂದು ನಾವು ಯಾರಿಗೂ ಹೇಳಿಲ್ಲ. ಕೋವಿಷೀಲ್ಡಿನ ತರುವಾಯ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವುದುಂಟು. ನಮ್ಮ ದೇಶದ ಪರಿಶೀಲನಾ ಸಮಿತಿಯು 2021ರ ಮೇ ತಿಂಗಳಲ್ಲಿ ಅಂಥವೆಂದು ತೋರಿದ 26 ಸಂದರ್ಭಗಳನ್ನು ವರದಿಮಾಡಿತು. ಹತ್ತು ಲಕ್ಷ ಡೋಸಿಗೆ 0.61ರಂತೆ. 2025ರ ಬೇಸಿಗೆಯ ಕೊನೆಗೆ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಹಳೆಯ ಅಂಜಿಕೆ ಮತ್ತೆ ತಲೆಯೆತ್ತಿತು. ರಾಜ್ಯ ಸರಕಾರದ ತಜ್ಞರ ಸಮಿತಿಯು ಚುಚ್ಚುಮದ್ದಿಗೂ ಅದಕ್ಕೂ ಸಂಬಂಧ ಕಾಣಲಿಲ್ಲವೆಂದಿತು. ಅದಕ್ಕೂ ಮೊದಲು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 47 ಆಸ್ಪತ್ರೆಗಳಿಂದ ಸಂಗ್ರಹಿಸಿದ ವಿವರದಿಂದ, ಪ್ರಾಯದವರ ಹಠಾತ್ ಮರಣದ ಅಪಾಯವನ್ನು ಚುಚ್ಚುಮದ್ದು ಹೆಚ್ಚಿಸಲಿಲ್ಲವೆಂದೂ, ಹೆಚ್ಚಿಸಿದವು ಹಿಂದೆ ಕೋವಿಡ್ಡಿಗಾಗಿ ಆಸ್ಪತ್ರೆ ಸೇರಿದ್ದುದು, ಮನೆತನದಲ್ಲಿ ಅಂಥ ಸಾವು ನಡೆದಿರುವುದು, ಮಿತಿಮೀರಿದ ಕುಡಿತ, ವಿಪರೀತ ದೇಹದಂಡನೆ ಮೊದಲಾದವೆಂದೂ ತಿಳಿಸಿದ್ದರು. ಆ ಜುಲೈಯಲ್ಲಿ ಫೀಸು ಕಟ್ಟಲು ಬಂದಿದ್ದ ತಾಯಿಯೊಬ್ಬರು ಇದನ್ನು ಕೇಳಿ, ರಸೀತಿಯ ಬೆನ್ನಿಗೆ ಆ ಕಾರಣಗಳನ್ನು ಒಂದೊಂದಾಗಿ ಬರೆದುಕೊಂಡರು. ತಮ್ಮ ಯಜಮಾನರು 2021ರಲ್ಲಿ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿದ್ದರೆಂದು ಹೇಳಿ, ಹೃದಯ ಪರೀಕ್ಷೆಯನ್ನು ಎಲ್ಲಿ ಮಾಡಿಸುವುದೆಂದು ವಿಚಾರಿಸಿದರು.