ಕಾಂಜಿ ಕಲಿಕೆ ಕಬ್ಬಿಣದ ಕಡಲೆಯೇ?

ಜಪಾನಿ ಭಾಷೆಯ ತರಗತಿಗೆ ಸೇರಿದವರ ಉತ್ಸಾಹ ಮೊದಲ ಒಂದೆರಡು ತಿಂಗಳು ಚೆನ್ನಾಗಿಯೇ ಇರುತ್ತದೆ. ವಾಕ್ಯದ ಕೊನೆಗೆ ಕ್ರಿಯಾಪದ, ನಾಮಪದದ ಬೆನ್ನಿಗೇ ಪ್ರತ್ಯಯ. ಎಲ್ಲವೂ ನಮ್ಮ ಕನ್ನಡದ ಹಾಗೆಯೇ. ಹಿರಾಗಾನಾ, ಕತಾಕಾನಾ ಎಂಬ ಎರಡು ಲಿಪಿಗಳಲ್ಲಿ ತಲಾ 46 ಮೂಲಾಕ್ಷರಗಳು. ಅವುಗಳ ಅನುಕ್ರಮಕ್ಕೂ ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯೇ ಪ್ರೇರಣೆ.

ತೊಡಕು ಶುರುವಾಗುವುದು ಕಾಂಜಿ ಬಂದಾಗ. ಚೀನಾದಿಂದ ಬಂದ ಈ ಅಕ್ಷರಗಳ ಪೈಕಿ ನಿತ್ಯ ಬಳಕೆಯವು ಎಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲೇ 2,136 ಇವೆ! ಎಷ್ಟೋ ಮಂದಿ ಪುಸ್ತಕ ಮುಚ್ಚಿಡುವುದು ಇಲ್ಲಿಯೇ. ಆದರೆ ಗಾಬರಿ ಬೇಡ. ಜಪಾನಿನ ಮಕ್ಕಳೂ ಒಂದನೇ ತರಗತಿಯಲ್ಲಿ ಕಲಿಯುವುದು 80 ಕಾಂಜಿಗಳನ್ನು ಮಾತ್ರ. ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಒಟ್ಟು 1,026.

ನೀರೂ ಹೌದು, ಜಲವೂ ಹೌದು

ಹೊಸಬರನ್ನು ಕಂಗೆಡಿಸುವುದು ಒಂದೇ ಅಕ್ಷರಕ್ಕಿರುವ ಹಲವು ಉಚ್ಚಾರಗಳು. ‘ನೀರು’ ಎಂಬರ್ಥದ ಕಾಂಜಿ ಒಂಟಿಯಾಗಿದ್ದರೆ ‘ಮಿಜು’. ಬುಧವಾರ ಎಂಬ ಪದದಲ್ಲಿ ಅದೇ ಅಕ್ಷರ ‘ಸುಯಿ’. ಮೊದಲನೆಯದು ಅಚ್ಚ ಜಪಾನಿ. ಎರಡನೆಯದು ಚೀನಾದಿಂದ ಎರವಲು ಬಂದದ್ದು.

ಕನ್ನಡಿಗರಿಗೆ ಇದು ಹೊಸದೇನಲ್ಲ. ನಾವು ಕುಡಿಯುವುದು ನೀರು, ಕಟ್ಟುವುದು ಜಲಾಶಯ, ನೋಡಲು ಹೋಗುವುದು ಜಲಪಾತ. ‘ಒಂದು ಲೋಟ ಜಲ ಕೊಡಿ’ ಎಂದು ಯಾರೂ ಕೇಳುವುದಿಲ್ಲ. ಬಿಡಿಯಾಗಿದ್ದಾಗ ದೇಶ್ಯ, ಸಮಾಸದಲ್ಲಿ ಎರವಲು ಪದ: ಜಪಾನಿಯಲ್ಲೂ ಬಹುಮಟ್ಟಿಗೆ ಇದೇ ಕ್ರಮ. ಬೆಂಕಿ ‘ಹಿ’, ಬೆಟ್ಟ ‘ಯಮಾ’ (ಯಮಧರ್ಮನಿಗೂ ಇದಕ್ಕೂ ಸಂಬಂಧವಿಲ್ಲ!). ಎರಡೂ ಕಾಂಜಿ ಒಟ್ಟಿಗೆ ಬಂದರೆ ‘ಕಜಾನ್’. ಅರ್ಥ, ನಮ್ಮ ‘ಅಗ್ನಿಪರ್ವತ’ವೇ. ಫುಜಿಸಾನ್ ಎಂಬಲ್ಲಿನ ‘ಸಾನ್’ ಕೂಡ ಬೆಟ್ಟವೇ ಹೊರತು ಗೌರವಸೂಚಕವಲ್ಲ.

ಸಮಾಸದಲ್ಲಿ ಇನ್ನೊಂದು ಸ್ವಾರಸ್ಯವಿದೆ. ‘ತೆ’ ಎಂದರೆ ಕೈ, ‘ಕಮಿ’ ಎಂದರೆ ಕಾಗದ. ಸೇರಿದಾಗ ‘ತೆಗಮಿ’, ಅಂದರೆ ಪತ್ರ. ಮಳೆ + ಕಾಲ = ಮಳೆಗಾಲ ಎಂಬ ಆದೇಶ ಸಂಧಿಯನ್ನು ಶಾಲೆಯಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಆದ್ದರಿಂದ ಒಂದು ಕಾಂಜಿಯ ಎಲ್ಲ ಉಚ್ಚಾರಗಳನ್ನೂ ಮಗ್ಗಿಯಂತೆ ಉರು ಹೊಡೆಯಬೇಡಿ. ಅದು ಬರುವ ಎರಡು ಮೂರು ಪದಗಳನ್ನು ಕಲಿಯಿರಿ. ಉಚ್ಚಾರ ತಾನಾಗಿ ಹಿಂದೆ ಬರುತ್ತದೆ.

ಬಿಡಿಸಿ ನೋಡಿ

ಒಂದು ಅಡ್ಡಗೆರೆ, ಅದನ್ನು ಸೀಳುವ ಉದ್ದಗೆರೆ, ಇಕ್ಕೆಲಗಳಲ್ಲಿ ಇಳಿಬಿದ್ದ ಎರಡು ಗೆರೆ: ಇದು ‘ಮರ’. ಎರಡು ಮರ ಪಕ್ಕಪಕ್ಕ ನಿಂತರೆ ತೋಪು, ಮೂರು ಸೇರಿದರೆ ಕಾಡು. ಮರದ ಪಕ್ಕ ಮನುಷ್ಯನಿದ್ದರೆ ವಿಶ್ರಾಂತಿ. ಮರದ ಬುಡಕ್ಕೊಂದು ಗೀಟು ಎಳೆದರೆ ‘ಮೂಲ’. ಅದರ ಮುಂದೆ ಸೂರ್ಯನನ್ನಿಟ್ಟರೆ ‘ನಿಹೋನ್’, ಅಂದರೆ ಜಪಾನ್ ದೇಶ!

ಎಲ್ಲ ಕಾಂಜಿಗಳೂ ಹೀಗೆ ಕಥೆ ಹೇಳುವುದಿಲ್ಲ. ಬಹುಪಾಲಿನಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಉಚ್ಚಾರದ ಸುಳಿವು. ಎಡಬದಿಯಲ್ಲಿ ಮೂರು ಹನಿ ಕಂಡರೆ ನೀರಿಗೆ ಸಂಬಂಧಿಸಿದ್ದು ಎಂದು ಊಹಿಸಬಹುದು: ಕಡಲು, ಕೊಳ, ಈಜು, ತೊಳೆ.

ಬರೆಯುವಾಗ ಗೆರೆಗಳ ಕ್ರಮ ತಪ್ಪಬಾರದು: ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಚೌಕದ ಮನೆಗಳಿರುವ ನೋಟ್‌ಪುಸ್ತಕ ಇದಕ್ಕೆ ಅನುಕೂಲ.

ಮರೆವಿಗೆ ಮದ್ದು

ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪ್ರಚುರಪಡಿಸಿದ ಉಪಾಯ ಸರಳವಾದದ್ದು. ರಟ್ಟಿನ ಚೀಟಿಯ ಒಂದು ಬದಿಗೆ ಪದ, ಇನ್ನೊಂದು ಬದಿಗೆ ಉಚ್ಚಾರ ಮತ್ತು ಅರ್ಥ ಬರೆಯಿರಿ. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ. ಅದನ್ನು ಕೆಲವು ದಿನ ಬಿಟ್ಟು ನೋಡಿದರೆ ಸಾಕು. ತಪ್ಪಿದ್ದು ಮೊದಲ ಖಾನೆಗೆ ವಾಪಸ್. ಚಪ್ಪಲಿಯ ಖಾಲಿ ಡಬ್ಬಿಯಲ್ಲೇ ಇದನ್ನು ಮಾಡಬಹುದು. ಇದೇ ತತ್ವದ ಕಂಪ್ಯೂಟರ್ ತಂತ್ರಾಂಶದ ಹೆಸರು ‘ಅಂಕಿ’. ಜಪಾನಿಯಲ್ಲಿ ಹಾಗೆಂದರೆ ಕಂಠಪಾಠ.

ಪೋಷಕರಿಗೊಂದು ಮಾತು

ಬೆಂಗಳೂರಿನಲ್ಲೂ ನಡೆಯುವ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ 2010ರಿಂದ ಐದು ಹಂತಗಳಿವೆ. ಎನ್5 ಮೊದಲ ಮೆಟ್ಟಿಲು. ಅಧಿಕೃತ ಪದಪಟ್ಟಿ ಪ್ರಕಟವಾಗುತ್ತಿಲ್ಲ. ಹಿಂದಿನ ಕ್ರಮದ ಆರಂಭಿಕ ಹಂತಕ್ಕೆ ಸುಮಾರು 100 ಕಾಂಜಿ, 800 ಪದ ಬೇಕಿತ್ತು. ವಾರಕ್ಕೆ ಐದು ದಿನ, ದಿನಕ್ಕೆ ಎರಡರಂತೆ ಕಲಿತರೆ ಹತ್ತು ವಾರಕ್ಕೆ ನೂರು ಕಾಂಜಿ ಆಗುತ್ತದೆ. ಆದರೆ ಈ ಪರೀಕ್ಷೆಯಲ್ಲಿ ಉತ್ತರ ಆರಿಸುವುದಷ್ಟೇ. ಮಾತನಾಡುವ, ಬರೆಯುವ ವಿಭಾಗಗಳಿಲ್ಲ. ಕೈಗೆ ಪ್ರಮಾಣಪತ್ರ ಬಂದ ಮಾತ್ರಕ್ಕೆ ಭಾಷೆ ಬಂತೆಂದಲ್ಲ. ‘ಯಾವಾಗ ಪಾಸಾಗುತ್ತೀ?’ ಎಂದು ಮಕ್ಕಳನ್ನು ಅವಸರಪಡಿಸುವ ಬದಲು, ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಚೀಟಿ ಹಿಡಿದು ಪ್ರಶ್ನೆ ಕೇಳಿ. ಅದಕ್ಕೆ ನಿಮಗೆ ಜಪಾನಿ ಬರಬೇಕೆಂದೇನಿಲ್ಲ. ಹಿಂಬದಿಯಲ್ಲಿ ಉಚ್ಚಾರ, ಅರ್ಥ ಕನ್ನಡದಲ್ಲಿದ್ದರೆ ಸಾಕು. ಹನಿಗೂಡಿದರೆ ಹಳ್ಳ ಎಂಬ ಗಾದೆ ಕಾಂಜಿಗೂ ಸಲ್ಲುತ್ತದೆ.