ಆಟದ ನೆತ್ತರು, ಕಾವ್ಯದ ನೆತ್ತರು

ವಿಡಿಯೋ ಆಟಗಳಲ್ಲಿನ ಹಿಂಸೆಯನ್ನು ಕುರಿತ ವಾದಕ್ಕೆ ಈಗ ಸುಮಾರು ಐವತ್ತು ವರ್ಷದ ವಯಸ್ಸು. 1976ರಲ್ಲಿ ಅಮೆರಿಕದ ಎಕ್ಸಿಡಿ ಎಂಬ ಕಂಪನಿ ‘ಡೆತ್ ರೇಸ್’ ಎಂಬ ಆಟದ ಯಂತ್ರವನ್ನು ಹೊರತಂದಿತು. ಕಪ್ಪು ಬಿಳುಪಿನ ತೆರೆ. ಅದರ ಮೇಲೆ ಕಡ್ಡಿ ಜೋಡಿಸಿದಂತಹ ಪುಟ್ಟ ಆಕೃತಿಗಳ ಓಡಾಟ. ಆಡುವವನು ಅವುಗಳ ಮೇಲೆ ಕಾರು ಹರಿಸಬೇಕು. ಹರಿಸಿದೊಡನೆ ಒಂದು ಚೀತ್ಕಾರ, ಆ ಸ್ಥಳದಲ್ಲೊಂದು ಗೋರಿಯ ಗುರುತು. ತೊಟ್ಟು ರಕ್ತವಿಲ್ಲದ ಈ ಆಟದ ಮೇಲೆ ಆ ದೇಶದ ಪತ್ರಿಕೆಗಳೂ ರಾಷ್ಟ್ರೀಯ ಸುರಕ್ಷತಾ ಮಂಡಲಿಯೂ ಹರಿಹಾಯ್ದವು. ಇಂದಿನ ಹುಡುಗರಿಗೆ ತೋರಿಸಿದರೆ ನಕ್ಕಾರು. ಆದರೂ ಅದರಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಆ ಗೋರಿಗಳು ಅಳಿಯದೆ ತೆರೆಯ ಮೇಲೆ ಉಳಿಯುತ್ತಿದ್ದವು. ಅವುಗಳನ್ನು ತಪ್ಪಿಸಿಕೊಂಡೇ ಕಾರು ಓಡಿಸಬೇಕಾಗಿತ್ತು. ಕೊಂದಷ್ಟೂ ಕೊಂದವನ ದಾರಿ ಇಕ್ಕಟ್ಟಾಗುತ್ತಿತ್ತು.

ಅಲ್ಲಿಂದ ಮುಂದಿನ ಚರ್ಚೆಯೆಲ್ಲ ಬಹುಮಟ್ಟಿಗೆ ರಕ್ತದ ಬಣ್ಣವನ್ನು ಕುರಿತದ್ದು. 1993ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಹೊಡೆದಾಟದ ಆಟ ಮನೆಮನೆಯ ತೆರೆಗೆ ಬಂದಾಗ ನಿಂಟೆಂಡೊ ಕಂಪನಿ ಕೆಂಪು ರಕ್ತವನ್ನು ತೆಗೆದು ಬೂದುಬಣ್ಣದ ಬೆವರನ್ನು ಚಿಮ್ಮಿಸಿತು. ಪ್ರತಿಸ್ಪರ್ಧಿಯಾದ ಸೆಗಾದ ಯಂತ್ರದಲ್ಲಿ ಗುಟ್ಟಿನ ಸಂಕೇತವೊಂದನ್ನು ಒತ್ತಿದರೆ ಕೆಂಪೇ ಚಿಮ್ಮುತ್ತಿತ್ತು. ಹೆಚ್ಚು ಬಿಕರಿಯಾದದ್ದು ಯಾವುದೆಂದು ಹೇಳಬೇಕೆ? ಅದೇ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ಟು ವಿಚಾರಣೆ ನಡೆಸಿತು. ಮರುವರ್ಷ ಆಟಗಳಿಗೆ ವಯಸ್ಸಿನ ಮುದ್ರೆ ಒತ್ತುವ ಮಂಡಲಿ ಹುಟ್ಟಿತು. 1997ರಲ್ಲಿ ‘ಕಾರ್ಮಗೆಡ್ಡನ್’ ಎಂಬ ಆಟ ಬ್ರಿಟನ್ನಿಗೆ ಬಂದಾಗ ಕಾರಿಗೆ ಸಿಕ್ಕುವ ಪಾದಚಾರಿಗಳು ಹಸಿರು ರಕ್ತದ ಪ್ರೇತಗಳಾದರು; ಜರ್ಮನಿಯಲ್ಲಿ ಕಪ್ಪು ಎಣ್ಣೆ ಸೋರುವ ಯಂತ್ರಮಾನವರಾದರು. ನಮ್ಮಲ್ಲಿ ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದ್ದು ಹಿಂಸೆಗಾಗಿ ಅಲ್ಲ, ದೇಶದ ಭದ್ರತೆಯ ಕಾರಣವೊಡ್ಡಿ. ಮರುವರ್ಷ ಅದು ಹೆಸರು ಬದಲಿಸಿಕೊಂಡು ಮರಳಿದಾಗ ರಕ್ತ ಹಸಿರಾಗಿತ್ತು. ‘ಕಿಲ್’ ಎಂಬ ಮಾತು ‘ಫಿನಿಶ್’ ಆಗಿತ್ತು. ‘ಕೊಂದೆ’ ಎನ್ನುವುದಕ್ಕಿಂತ ‘ಮುಗಿಸಿದೆ’ ಎನ್ನುವುದರಲ್ಲಿ ಅಹಿಂಸೆ ಎಷ್ಟು ಹೆಚ್ಚೆಂಬುದನ್ನು ಕನ್ನಡ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಇಂತಹ ಆಟಗಳು ಕೊಲೆಗಾರರನ್ನು ಹುಟ್ಟಿಸುತ್ತವೆಯೇ ಎಂಬ ಪ್ರಶ್ನೆಯನ್ನು ನಾನಿಲ್ಲಿ ಬೆಳೆಸುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದಿಷ್ಟು: ಕೂಗಾಟ ನೂಕಾಟಗಳಂತಹ ವರ್ತನೆಯೊಡನೆ ಅಲ್ಪ ಸಂಬಂಧ ಕಂಡುಬರುತ್ತದೆ, ನಿಜವಾದ ಘೋರ ಹಿಂಸೆಗೆ ಆಟವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ. ಅದರ ಹಿಂದಿನ ವರ್ಷ ಆಕ್ಸ್‌ಫರ್ಡಿನ ವಿದ್ವಾಂಸರು ಬ್ರಿಟನ್ನಿನ ಸುಮಾರು ಸಾವಿರ ಹದಿಹರೆಯದವರನ್ನು ಪರೀಕ್ಷಿಸಿದಾಗ ಅಂತಹ ಸಂಬಂಧವೇ ಕಾಣಲಿಲ್ಲ. ಹುಡುಗನ ಕೈಯಿಂದ ದುಷ್ಕೃತ್ಯ ನಡೆದಾಗಲೆಲ್ಲ ಅವನ ಮೊಬೈಲನ್ನು ಕಟಕಟೆಗೆ ತರುವುದು ಸುಲಭ. ಅವನ ಮನೆ, ಅವನ ಏಕಾಂತ, ಅವನ ನಿರುದ್ಯೋಗ ಇವುಗಳನ್ನು ತರುವುದು ಕಷ್ಟ.

ಸಾಹಿತ್ಯದ ಅಧ್ಯಾಪಕನಾದ ನನ್ನನ್ನು ಕೆಣಕಿದ್ದು ಬೇರೊಂದು ಪ್ರಸಂಗ. ಹದಿನೆಂಟು ತುಂಬದವರಿಗೆ ಘೋರ ಹಿಂಸೆಯ ಆಟಗಳನ್ನು ಮಾರಕೂಡದೆಂದು ಕ್ಯಾಲಿಫೋರ್ನಿಯ 2005ರಲ್ಲಿ ಶಾಸನ ಮಾಡಿತು. ಅದಕ್ಕೆ ಸಹಿ ಹಾಕಿದ ಗವರ್ನರು ಆರ್ನಾಲ್ಡ್ ಶ್ವಾರ್ಜನೆಗರ್, ತೆರೆಯ ಮೇಲೆ ಬಂದೂಕು ಹಿಡಿದೇ ಪ್ರಖ್ಯಾತನಾದ ನಟ! 2011ರ ಜೂನ್ 27ರಂದು ಆ ದೇಶದ ಸುಪ್ರೀಂ ಕೋರ್ಟು ಏಳು-ಎರಡರ ಬಹುಮತದಿಂದ ಶಾಸನವನ್ನು ರದ್ದುಮಾಡಿತು. ತೀರ್ಪು ಬರೆದ ನ್ಯಾಯಮೂರ್ತಿ ಸ್ಕಲಿಯಾ ಸಾಹಿತ್ಯವನ್ನೇ ಸಾಕ್ಷಿಗೆ ಕರೆದರು. ಗ್ರಿಮ್ ಸೋದರರ ಕಥೆಯಲ್ಲಿ ದುಷ್ಟ ರಾಣಿ ಕಾದ ಪಾದರಕ್ಷೆ ತೊಟ್ಟು ಸಾಯುವ ತನಕ ಕುಣಿಯುತ್ತಾಳೆ. ಸಿಂಡರೆಲಾಳ ಮಲಸಹೋದರಿಯರ ಕಣ್ಣನ್ನು ಪಾರಿವಾಳಗಳು ಕುಕ್ಕುತ್ತವೆ. ಹೋಮರನ ಒಡಿಸ್ಯೂಸನು ಒಕ್ಕಣ್ಣ ದೈತ್ಯನ ಕಣ್ಣನ್ನೇ ಇರಿಯುತ್ತಾನೆ. ಇವನ್ನು ಮಕ್ಕಳ ಕೈಗೆ ಕೊಡುವ ಸಮಾಜ ಆಟವನ್ನು ಮಾತ್ರ ಹೇಗೆ ತಡೆದೀತು ಎಂಬುದು ಅವರ ತರ್ಕ. ಭಿನ್ನಮತ ಬರೆದ ಬ್ರೇಯರ್ ಕೇಳಿದ್ದೂ ಹಗುರವಾದ ಪ್ರಶ್ನೆಯಲ್ಲ: ಹದಿಮೂರರ ಹುಡುಗನಿಗೆ ಬೆತ್ತಲೆ ಚಿತ್ರವನ್ನು ಮಾರಕೂಡದು; ಹೆಣ್ಣೊಬ್ಬಳನ್ನು ಕಟ್ಟಿ, ಹಿಂಸಿಸಿ ಕೊಲ್ಲುವ ಆಟವನ್ನು ಮಾರಬಹುದೆ?

ತೀರ್ಪು ನನಗೆ ಒಪ್ಪಿಗೆಯೇ. ಯಾವ ಕಥೆ ಯಾರಿಗೆ ತಕ್ಕದ್ದೆಂದು ನಿರ್ಣಯಿಸುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಡಲು ಯಾವ ಸಾಹಿತ್ಯಪ್ರಿಯನಿಗೂ ಮನಸ್ಸು ಬಾರದು. ಆದರೆ ಕಾವ್ಯವನ್ನು ಸಾಕ್ಷಿಕಟ್ಟೆಗೆ ಹತ್ತಿಸಿದವರು ಅದಕ್ಕೆ ಪಾಟೀಸವಾಲು ಹಾಕಲಿಲ್ಲ. ರಕ್ತ ಇದೆಯೋ ಇಲ್ಲವೋ ಎಂದಷ್ಟೆ ಕೇಳಿ ಕೆಳಗಿಳಿಸಿದರು. ರಕ್ತ ಹರಿದ ಮೇಲೆ ಸತ್ತವನ ಗತಿ ಏನಾಯಿತೆಂದು ಕೇಳಬೇಕಾಗಿತ್ತು.

ರನ್ನನ ‘ಗದಾಯುದ್ಧ’ವನ್ನೇ ನೋಡಿ. ಅದರಲ್ಲಿ ರೌದ್ರಕ್ಕೂ ಬೀಭತ್ಸಕ್ಕೂ ಕೊರತೆಯಿಲ್ಲ. ಕಥಾನಾಯಕನು ಭೀಮ, ಆಶ್ರಯದಾತನಾದ ಸತ್ಯಾಶ್ರಯನನ್ನು ಕವಿ ಆ ಭೀಮನೊಡನೆಯೇ ಸಮೀಕರಿಸಿದ್ದಾನೆ. ಹೀಗಿದ್ದೂ ಸೋಲಲಿರುವ ದುರ್ಯೋಧನನ ಹಿಂದೆ ನಮ್ಮನ್ನು ರಣರಂಗದಲ್ಲಿ ನಡೆಸುತ್ತಾನೆ. ದ್ರೋಣನ ಕಳೇಬರ, ಮಗ ಲಕ್ಷಣಕುಮಾರನದು, ತಮ್ಮ ದುಶ್ಶಾಸನನದು, ಕಡೆಗೆ ಕರ್ಣನದು. ನಡುವೆ ಶತ್ರುವಿನ ಮಗ ಅಭಿಮನ್ಯು. ಅವನ ಪರಾಕ್ರಮವನ್ನು ಹೊಗಳಿ, ಅಂತಹ ಮರಣವೇ ತನಗೂ ಬರಲೆಂದು ಹಾರೈಸುತ್ತಾನೆ ಕುರುರಾಯ. ಅಲ್ಲಿ ಹೆಣಗಳನ್ನು ದಾಟದೆ ಮುಂದಕ್ಕೆ ದಾರಿಯಿಲ್ಲ.

ಈ ಭಾಗವನ್ನು ಪಾಠಮಾಡುತ್ತಿದ್ದಾಗ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದುನಿಂತು, “ಸಾರ್, ನಮ್ಮ ಆಟದಲ್ಲಿ ಹೆಣ ಉಳಿಯುವುದಿಲ್ಲ, ಪೆಟ್ಟಿಗೆಯಾಗುತ್ತದೆ” ಎಂದ. ತರಗತಿ ನಕ್ಕಿತು. ಅವನ ಮಾತು ಅಕ್ಷರಶಃ ನಿಜ. ಪಬ್‌ಜಿಯಲ್ಲಿ ನೂರು ಮಂದಿ ದ್ವೀಪವೊಂದಕ್ಕೆ ಇಳಿಯುತ್ತಾರೆ. ಕಡೆಗೆ ಉಳಿದವನೇ ಗೆದ್ದವನು. ಸತ್ತವನಿದ್ದೆಡೆ ಒಂದು ಪೆಟ್ಟಿಗೆ. ಅದರೊಳಗೆ ಅವನ ಬಂದೂಕು, ಮದ್ದುಗುಂಡು, ಔಷಧಿ. ಕೊಂದವನು ಬಾಚಿಕೊಂಡು ಮುಂದೆ ಓಡುತ್ತಾನೆ. ರಕ್ತ ಕೆಂಪಾಗಿದ್ದರೇನು, ಹಸಿರಾಗಿದ್ದರೇನು? ನನಗೆ ಭಯ ಹುಟ್ಟಿಸುವುದು ಆ ಪೆಟ್ಟಿಗೆ.

ಓದುಗ ಕೇವಲ ನೋಡುತ್ತಾನೆ, ಆಡುವವನು ತಾನೇ ಮಾಡುತ್ತಾನೆ, ಆದುದರಿಂದ ಆಟದಲ್ಲಿ ಕರುಣರಸಕ್ಕೆ ಎಡೆಯೇ ಇಲ್ಲವೆಂದು ನಮ್ಮ ಪಂಡಿತ ಮಿತ್ರರು ಹೇಳುವುದುಂಟು. ಈ ಮಾತನ್ನು ನಾನು ಒಪ್ಪಲಾರೆ. ಸರಾಯೆವೊ ನಗರದ ಮುತ್ತಿಗೆಯಿಂದ ಪ್ರೇರಿತವಾಗಿ ಪೋಲೆಂಡಿನ ವಾರ್ಸಾದಲ್ಲಿ 2014ರಲ್ಲಿ ‘ದಿಸ್ ವಾರ್ ಆಫ್ ಮೈನ್’ ಎಂಬ ಆಟ ಹುಟ್ಟಿತು. ಅದರಲ್ಲಿ ನಾವು ನಡೆಸುವುದು ಯೋಧರನ್ನಲ್ಲ, ಪಾಳುಮನೆಯಲ್ಲಿ ಅಡಗಿರುವ ಸಾಮಾನ್ಯರನ್ನು. ಹಗಲು ಹೊರಬಿದ್ದರೆ ಗುಂಡಿನ ಭಯ; ರಾತ್ರಿ ಅನ್ನಕ್ಕೂ ಔಷಧಿಗೂ ಅಲೆಯಬೇಕು. 2020ರಲ್ಲಿ ಪೋಲೆಂಡ್ ಸರ್ಕಾರ ಇದನ್ನು ಶಾಲೆಗಳ ಓದಿನ ಪಟ್ಟಿಗೇ ಸೇರಿಸುವುದಾಗಿ ಸಾರಿತು, ಹದಿನೆಂಟು ತುಂಬಿದವರಿಗಾಗಿ. ಕಾದಂಬರಿಗಳ ಸಾಲಿನಲ್ಲಿ ಒಂದು ಆಟ!

ಆ ಆಟದಲ್ಲಿ ವೃದ್ಧ ದಂಪತಿಗಳ ಮನೆಯೊಂದು ಬರುತ್ತದೆ. ಅವರು ಎದುರಿಸಿ ಹೋರಾಡುವವರಲ್ಲ. ದೋಚುವುದು ಬಲು ಸುಲಭ. ಪೆಟ್ಟಿಗೆ ಬಾಚಿಕೊಂಡಂತೆ ಬಾಚಿಕೊಂಡು ಬರಬಹುದು, ತಡೆಯುವವರಿಲ್ಲ. ಆದರೆ ದೋಚಿ ತಂದವನು ಬೆಳಗಾಗುವಷ್ಟರಲ್ಲಿ ಖಿನ್ನನಾಗಿರುತ್ತಾನೆ. ಜೊತೆಗಾರರೂ ಮಂಕಾಗುತ್ತಾರೆ. ದುಃಖ ಮಿತಿಮೀರಿದರೆ ಅವನು ನೆಲಕ್ಕೆ ಕುಸಿದು ಕುಳಿತುಬಿಡುತ್ತಾನೆ. ಆಡುತ್ತಿರುವ ಹುಡುಗ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಏಳುವುದಿಲ್ಲ.